ಒಂದು ಮತದ ತೂಕ

ಚುನಾವಣೆಯ ದಿನ ಹತ್ತಿರವಾದಂತೆಲ್ಲ ಗೃಹಸ್ಥರ ಮನೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ಲಕ್ಷಗಟ್ಟಲೆ ಮತಗಳ ನಡುವೆ ನನ್ನದೊಂದು ಬೀಳದಿದ್ದರೆ ಏನು ಮುಳುಗಿಹೋದೀತು?" ಬಿಸಿಲು ಚುರುಕಾಗಿದ್ದರೆ ಈ ಮಾತು ಬೆಳಗಿನ ಕಾಫಿಯ ಜೊತೆಗೇ ಹುಟ್ಟುತ್ತದೆ. ಮನೆಗೆ ನೆಂಟರು ಬಂದಿದ್ದರೆ ಮಧ್ಯಾಹ್ನದ ಊಟವಾದ ಮೇಲೆ ಹುಟ್ಟುತ್ತದೆ. ಮತಗಟ್ಟೆಯ ಮುಂದೆ ಸಾಲು ಬಹಳ ಉದ್ದವಾಗಿದೆಯೆಂದು ಪಕ್ಕದ ಮನೆಯವರು ಬಂದು ಹೇಳಿದರಂತೂ ಅದಕ್ಕೆ ಶಾಸ್ತ್ರಪ್ರಮಾಣವೇ ದೊರೆತಂತಾಗುತ್ತದೆ. ಹೀಗೆ ಹೇಳುವವರು ಅವಿವೇಕಿಗಳಲ್ಲ. ಮೇಲುನೋಟಕ್ಕೆ ಅವರ ಲೆಕ್ಕ ಸರಿಯಾದ ಲೆಕ್ಕವೇ. ಲಕ್ಷದಲ್ಲಿ ಒಂದನ್ನು ಕಳೆದರೆ ಉಳಿಯುವುದು ಹೆಚ್ಚುಕಡಮೆ ಲಕ್ಷವೇ ತಾನೆ?

ಈ ಲೆಕ್ಕಕ್ಕೆ ಉತ್ತರವನ್ನು ಪೌರನೀತಿಯ ಪಠ್ಯಪುಸ್ತಕದಲ್ಲಿ ಹುಡುಕಬೇಕಾಗಿಲ್ಲ. ಸುವರ್ಣಾವತಿ ಹೊಳೆ ಹರಿಯುವ ಯಳಂದೂರು ಸೀಮೆಯವರು ಆ ಉತ್ತರವನ್ನು 2004ನೆಯ ಇಸವಿಯಲ್ಲಿಯೇ ಬರೆದಿಟ್ಟಿದ್ದಾರೆ.

ಆಗ ಯಳಂದೂರು, ಸಂತೇಮರಹಳ್ಳಿ ಎಂಬ ಮೀಸಲು ಕ್ಷೇತ್ರಕ್ಕೆ ಸೇರಿತ್ತು. ಆ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ಆರ್. ಧ್ರುವನಾರಾಯಣ ಅವರೂ, ಜಾತ್ಯತೀತ ಜನತಾದಳದಿಂದ ಎ. ಆರ್. ಕೃಷ್ಣಮೂರ್ತಿ ಅವರೂ ಎದುರುಬದುರಾಗಿ ನಿಂತರು. ಕೃಷ್ಣಮೂರ್ತಿಯವರು, ಮಂತ್ರಿಯಾಗಿಯೂ ಮುಂದೆ ಕೇರಳದ ರಾಜ್ಯಪಾಲರಾಗಿಯೂ ಕೆಲಸ ಮಾಡಿದ ಬಿ. ರಾಚಯ್ಯನವರ ಮಗ. ಎಣಿಕೆ ಮುಗಿದಾಗ ಕೃಷ್ಣಮೂರ್ತಿಯವರಿಗೆ ಬಿದ್ದ ಮತಗಳು 40,751. ಧ್ರುವನಾರಾಯಣ ಅವರಿಗೆ ಬಿದ್ದವು 40,752. ಅಂತರ ನೂರಲ್ಲ, ಹತ್ತಲ್ಲ, ಒಂದೇ ಒಂದು. ಒಬ್ಬರು ವಿಧಾನಸೌಧಕ್ಕೆ ಹೋದರು, ಇನ್ನೊಬ್ಬರು ಮನೆಗೆ ಹಿಂದಿರುಗಿದರು.

ಈ ಫಲಿತಾಂಶಕ್ಕೆ ಒಂದು ಉಪಕಥೆಯೂ ಸೇರಿಕೊಂಡಿದೆ. ಸೋತ ಅಭ್ಯರ್ಥಿಯ ಕಾರಿನ ಚಾಲಕನಿಗೇ ಅಂದು ಮತ ಹಾಕಲು ಬಿಡುವಾಗಲಿಲ್ಲವೆಂದು ಪತ್ರಿಕೆಗಳಲ್ಲಿ ಪ್ರಕಟವಾಯಿತು. ಯಜಮಾನರನ್ನು ಊರಿಂದೂರಿಗೆ, ಮತಗಟ್ಟೆಯಿಂದ ಮತಗಟ್ಟೆಗೆ ಕರೆದೊಯ್ಯುವ ಗಡಿಬಿಡಿಯಲ್ಲಿ ಅವನ ಮತಗಟ್ಟೆಯೊಂದು ಮಾತ್ರ ದಾರಿಗೆ ಸಿಕ್ಕಲಿಲ್ಲ. ಅವನು ಹೋಗಿದ್ದರೆ ಯಾರಿಗೆ ಮತ ಹಾಕುತ್ತಿದ್ದನೆಂಬುದು ಅವನ ಮನಸ್ಸಿಗೆ ಬಿಟ್ಟ ವಿಷಯ. ಗುಪ್ತಮತದಾನವೆಂದರೆ ಅದೇ. ಆದರೆ ಯಜಮಾನರಿಗೇ ಹಾಕುತ್ತಿದ್ದನೆಂದು ಭಾವಿಸಿದರೆ ಎರಡು ಕಡೆಯ ಎಣಿಕೆಯೂ ಸಮವಾಗುತ್ತಿತ್ತು.

ಮತದಾನದ ದಿನ ಎಲ್ಲರಿಗಿಂತ ಹೆಚ್ಚು ಓಡಾಡಿದವನಿಗೇ ಮತ ಹಾಕಲು ಪುರುಸೊತ್ತಿಲ್ಲವಾದದ್ದನ್ನು ಕೇಳಿ ನಗುವವರು ನಗಬಹುದು. ನಗುವ ಮುನ್ನ ತಮ್ಮ ಮನೆಯ ಅಡುಗೆಯವರು, ಕಾವಲುಗಾರರು, ಅಂಗಡಿಯ ಹುಡುಗರು ಕಳೆದ ಚುನಾವಣೆಯ ದಿನ ಎಲ್ಲಿದ್ದರೆಂಬುದನ್ನು ಒಂದು ಗಳಿಗೆ ನೆನೆದುಕೊಳ್ಳುವುದು ಒಳ್ಳೆಯದು. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಗೆ ಮುಂದೆ ಸೇರಿಸಿದ 135-ಬಿ ಎಂಬ ಪ್ರಕರಣವೊಂದಿದೆ. ವ್ಯಾಪಾರ, ಕೈಗಾರಿಕೆ ಅಥವಾ ಬೇರಾವುದೇ ಸಂಸ್ಥೆಯಲ್ಲಿ ದುಡಿಯುವ ಮತದಾರನಿಗೆ ಮತದಾನದ ದಿನ ರಜೆ ಕೊಡಬೇಕು, ಆ ದಿನದ ಸಂಬಳವನ್ನು ಹಿಡಿಯಕೂಡದು ಎಂಬುದು ಅದರ ಸಾರ. ದಿನಗೂಲಿಯವರಿಗೂ ಅದು ಅನ್ವಯಿಸುತ್ತದೆ. ತಪ್ಪಿದ ಯಜಮಾನನಿಗೆ ಐನೂರು ರೂಪಾಯಿಗಳವರೆಗೆ ದಂಡವುಂಟು. ಅಪಾಯಕ್ಕೋ ಭಾರಿ ನಷ್ಟಕ್ಕೋ ಎಡೆಯಾಗುವಂಥ ಕೆಲಸಗಳಿಗೆ ಮಾತ್ರ ಇದರಿಂದ ವಿನಾಯಿತಿ ಇದೆ. ಹೀಗೆ ರಜೆ ಕೊಡುವುದು ಯಜಮಾನನ ಔದಾರ್ಯವಲ್ಲ. ಪಡೆಯುವುದು ಕೆಲಸಗಾರನ ಹಕ್ಕು.

ಅಲ್ಲಿಯೂ ಅದೇ ಕಥೆ

ಪ್ರಜಾಪ್ರಭುತ್ವದ ಹಳೆಯ ಮನೆಯೆನಿಸಿದ ಅಮೆರಿಕೆಯಲ್ಲಿ ಈ ಅನುಕೂಲ ಹೀಗಿಲ್ಲವೆಂದರೆ ಹಲವರಿಗೆ ಆಶ್ಚರ್ಯವಾದೀತು. ನವೆಂಬರ್ ತಿಂಗಳ ಮೊದಲ ಸೋಮವಾರ ಕಳೆದ ಮಂಗಳವಾರವೇ ಅಧ್ಯಕ್ಷರ ಆಯ್ಕೆಯ ದಿನವೆಂದು ಅಲ್ಲಿ 1845ರಲ್ಲಿ ಶಾಸನವಾಯಿತು. ಅಂದಿನ ಮತದಾರ ರೈತ. ಭಾನುವಾರ ದೇವರ ಪ್ರಾರ್ಥನೆ ಮುಗಿಸಿ, ಸೋಮವಾರ ಗಾಡಿ ಹೂಡಿ ಹೊರಟರೆ ಮಂಗಳವಾರದ ಹೊತ್ತಿಗೆ ಮತಗಟ್ಟೆಯಿರುವ ಊರನ್ನು ಮುಟ್ಟುತ್ತಿದ್ದ. ಗಾಡಿ ಹೋಗಿ ಮೋಟಾರು ಬಂತು, ಮೋಟಾರಿನ ಮೇಲೆ ವಿಮಾನ ಬಂತು. ಮಂಗಳವಾರ ಮಾತ್ರ ಉಳಿಯಿತು. ಇಡೀ ದೇಶಕ್ಕೆ ಅಂದು ರಜೆಯಿಲ್ಲ. ಕೆಲವು ರಾಜ್ಯಗಳು ತಮ್ಮಷ್ಟಕ್ಕೆ ತಾವು ಬಿಡುವು ಕೊಡುತ್ತವೆ, ಕೆಲವು ಕೊಡುವುದಿಲ್ಲ. ಚುನಾವಣೆಯ ಬಹುಪಾಲು ಏರ್ಪಾಡು ಆಯಾ ರಾಜ್ಯಗಳ ಕೈಯಲ್ಲಿದೆ. ಭಾರತದಲ್ಲಿರುವಂತೆ ದೇಶಕ್ಕೆಲ್ಲ ಚುನಾವಣೆ ನಡೆಸುವ ಒಂದು ಆಯೋಗ ಅಲ್ಲಿಲ್ಲ.

ಒಂದು ಮತದ ಮಹಿಮೆಯನ್ನಾದರೋ ಅವರೂ ಬಲ್ಲರು. 2000ದ ಅಧ್ಯಕ್ಷ ಚುನಾವಣೆಯಲ್ಲಿ ಫ್ಲಾರಿಡಾ ರಾಜ್ಯದ 537 ಮತಗಳು ಜಾರ್ಜ್ ಬುಷ್ ಅವರನ್ನು ಅಧ್ಯಕ್ಷ ಪೀಠದಲ್ಲಿ ಕುಳ್ಳಿರಿಸಿದವು. ದೇಶದ ಒಟ್ಟು ಎಣಿಕೆಯಲ್ಲಿ ಅವರ ಪ್ರತಿಸ್ಪರ್ಧಿ ಆಲ್ ಗೋರ್ ಅವರೇ ಮುಂದಿದ್ದರು. ಆದರೆ ಅಮೆರಿಕೆಯ ಸಂವಿಧಾನದಂತೆ ಅಧ್ಯಕ್ಷರನ್ನು ನೇರವಾಗಿ ಆರಿಸುವವರು ಜನರಲ್ಲ, ರಾಜ್ಯರಾಜ್ಯದಿಂದ ಬರುವ ನಿರ್ವಾಚಕರು. ಫ್ಲಾರಿಡಾದ ನಿರ್ವಾಚಕರೆಲ್ಲರೂ ಒಂದೇ ಕಡೆಗೆ ಸಂದುದರಿಂದ ತಕ್ಕಡಿ ವಾಲಿತು.

ಇನ್ನೂ ಸೋಜಿಗದ ಪ್ರಸಂಗ ವರ್ಜೀನಿಯಾ ರಾಜ್ಯದ್ದು. 2017ರಲ್ಲಿ ಅಲ್ಲಿಯ ಶಾಸನಸಭೆಯ 94ನೆಯ ಕ್ಷೇತ್ರದಲ್ಲಿ ಡೇವಿಡ್ ಯಾನ್ಸಿ ಎಂಬವರಿಗೂ ಶೆಲಿ ಸೈಮಂಡ್ಸ್ ಎಂಬ ಮಹಿಳೆಗೂ ಸ್ಪರ್ಧೆ. ಮರುಎಣಿಕೆಯಲ್ಲಿ ಆಕೆ ಒಂದೇ ಮತದಿಂದ ಮುಂದೆ ಬಂದರು. ಬಳಿಕ, ತಿರಸ್ಕೃತವಾಗಿದ್ದ ಮತಪತ್ರವೊಂದನ್ನು ನ್ಯಾಯಾಧೀಶರು ಎದುರಾಳಿಗೆ ಸೇರಿಸಿದಾಗ ಇಬ್ಬರಿಗೂ 11,608 ಮತಗಳಾಗಿ ಸರಿಸಮವಾಯಿತು. 2018ರ ಜನವರಿ 4ರಂದು ಇಬ್ಬರ ಹೆಸರುಗಳನ್ನೂ ಚೀಟಿಯಲ್ಲಿ ಬರೆದು, ಬೋಗುಣಿಯೊಂದರಲ್ಲಿ ಹಾಕಿ ಎತ್ತಿದರು. ಯಾನ್ಸಿಯ ಹೆಸರು ಬಂತು. ಆ ಒಂದು ಚೀಟಿಯಿಂದ ಇಡೀ ಸಭೆಯ ಬಹುಮತ ಒಂದು ಪಕ್ಷದ ಕೈಯಲ್ಲಿ ಉಳಿಯಿತು.

ಸಂತೇಮರಹಳ್ಳಿಯಲ್ಲಿ ಸಮಸಮ ಬಂದಿದ್ದರೂ ಆಗುತ್ತಿದ್ದುದು ಅದೇ. ಭಾರತದ ಕಾಯಿದೆಯ 65ನೆಯ ಪ್ರಕರಣದಂತೆ ಮತಗಳು ಸಮವಾದಾಗ ಚುನಾವಣಾಧಿಕಾರಿ ಚೀಟಿ ಎತ್ತಿಸಬೇಕು. ಚೀಟಿಯಲ್ಲಿ ಹೆಸರು ಬಂದವರಿಗೆ ಒಂದು ಮತ ಹೆಚ್ಚಾಗಿ ಬಿದ್ದಿದೆಯೆಂದು ಎಣಿಸಬೇಕು. ಈ ಮಾತಿನ ಮರ್ಮವನ್ನು ಗಮನಿಸಬೇಕು. ಮತದಾರನು ಹಾಕದೆ ಬಿಟ್ಟ ಆ ಒಂದು ಮತವನ್ನು ಕಡೆಗೆ ಅದೃಷ್ಟದೇವತೆಯೇ ಬಂದು ಹಾಕಬೇಕಾಗುತ್ತದೆ. ಆ ದೇವತೆಗೆ ಊರಿನ ಕೆರೆಯ ಚಿಂತೆಯೂ ಇಲ್ಲ, ಶಾಲೆಯ ಚಿಂತೆಯೂ ಇಲ್ಲ.

ಅರಿಕೆಯಿಂದ ಅಧಿಕಾರಕ್ಕೆ

ಇಷ್ಟು ತೂಕದ ವಸ್ತು ಈ ಸೀಮೆಯವರ ಕೈಗೆ ಬಂದದ್ದು ಯಾವಾಗ? ಕೊಳ್ಳೇಗಾಲ, ಹನೂರು, ಯಳಂದೂರುಗಳ ಚರಿತ್ರೆಯನ್ನು ಬಲ್ಲವರಿಗೆ ಇದು ಸಣ್ಣ ಪ್ರಶ್ನೆಯೆನಿಸದು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಕೊಳ್ಳೇಗಾಲದ ಸೀಮೆ ಇಂಗ್ಲಿಷರ ವಶವಾಯಿತು. ಮಹದೇಶ್ವರ ಬೆಟ್ಟದ ಕಾಡೂ ಹನೂರಿನ ಹೊಲಗಳೂ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿಹೋದವು. ಪಕ್ಕದ ಯಳಂದೂರು ಮೈಸೂರು ಸಂಸ್ಥಾನದಲ್ಲಿಯೇ ಉಳಿಯಿತು. ಆದರೆ 1807ರಲ್ಲಿ ಅದನ್ನು ದಿವಾನ್ ಪೂರ್ಣಯ್ಯನವರಿಗೆ ಜಹಗೀರಿಯಾಗಿ ಕೊಡಲಾಯಿತು. ಒಂದು ಹಗಲಿನಲ್ಲಿ ನಡೆದು ಮುಟ್ಟಬಹುದಾದ ಎರಡು ಊರುಗಳು. ಒಂದರಲ್ಲಿ ಕಲೆಕ್ಟರನ ದರ್ಬಾರು, ಇನ್ನೊಂದರಲ್ಲಿ ಜಹಗೀರುದಾರರ ದರ್ಬಾರು. ಎರಡು ಕಡೆಯಲ್ಲಿಯೂ ಮಾತು ಕನ್ನಡ, ದೇವರು ಮಾದಪ್ಪ, ಬೆಳೆ ರಾಗಿ. ಎರಡು ಕಡೆಯಲ್ಲಿಯೂ ಜನರು ಪ್ರಜೆಗಳು, ಪೌರರಲ್ಲ.

ಈ ಎರಡು ಪದಗಳ ಅಂತರ ದೊಡ್ಡದು. ಪ್ರಜೆ ಅರಿಕೆ ಮಾಡಿಕೊಳ್ಳುತ್ತಾನೆ. ಪೌರ ಅಧಿಕಾರ ಚಲಾಯಿಸುತ್ತಾನೆ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಏರ್ಪಟ್ಟಾಗ ದೇಶಕ್ಕೆ ದೇಶವೇ ಅದನ್ನು ಕೊಂಡಾಡಿತು. ಕೊಂಡಾಡತಕ್ಕದ್ದೇ ಸರಿ. ಆದರೆ ದಸರೆಯ ಸಮಯದಲ್ಲಿ ಸೇರುತ್ತಿದ್ದ ಆ ಸಭೆಯ ಸದಸ್ಯರು ಮೊದಲಿಗೆ ನೇಮಕವಾದವರು. ಚುನಾವಣೆ ಬಂದದ್ದು 1891ರಲ್ಲಿ. ಆಗಲೂ ಅವರು ತಮ್ಮ ಊರಿನ ಕಷ್ಟಗಳನ್ನು ಅರಿಕೆ ಮಾಡಬಹುದಿತ್ತು, ಸರಕಾರವನ್ನು ಇಳಿಸುವಂತಿರಲಿಲ್ಲ. ಆಚೆಯ ಮದರಾಸಿನಲ್ಲಿ ಬ್ರಿಟಿಷರು ಮುಂದೆ ಚುನಾವಣೆಗಳನ್ನು ತಂದರೂ ಮತದ ಹಕ್ಕು ಆಸ್ತಿ, ಕಂದಾಯ, ವಿದ್ಯೆಗಳ ಅಳತೆಗೋಲಿಗೆ ಒಳಪಟ್ಟಿತ್ತು. ಮಗ್ಗದ ಮುಂದೆ ಕುಳಿತು ರೇಷ್ಮೆ ನೇಯುವವನಿಗೂ, ಗದ್ದೆಯ ಕೆಸರಿನಲ್ಲಿ ಕೂಲಿ ಮಾಡುವವಳಿಗೂ ಆ ಅಳತೆಗೋಲು ಎಟುಕುವಂತಿರಲಿಲ್ಲ.

1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂದಾಗ ಅದರ 326ನೆಯ ವಿಧಿ ಈ ಅಳತೆಗೋಲನ್ನು ಮುರಿದುಹಾಕಿತು. ವಯಸ್ಸಿಗೆ ಬಂದ ಪ್ರತಿಯೊಬ್ಬ ಪೌರನಿಗೂ, ಪೌರಳಿಗೂ ಒಂದು ಮತ, ಒಂದೇ ಮತ, ಸಮಾನ ತೂಕದ ಮತ. 1952ರ ಮೊದಲ ಮಹಾಚುನಾವಣೆಯಲ್ಲಿ ಕೊಳ್ಳೇಗಾಲದವರು ಮದರಾಸಿನ ಶಾಸನಸಭೆಗೂ ಯಳಂದೂರಿನವರು ಮೈಸೂರಿನ ಶಾಸನಸಭೆಗೂ ಪ್ರತಿನಿಧಿಗಳನ್ನು ಆರಿಸಿ ಕಳುಹಿಸಿದರು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್‌ವಿಂಗಡಣೆಯಾಗಿ ಕೊಳ್ಳೇಗಾಲ ಮೈಸೂರಿಗೆ ಬಂದು ಕೂಡಿತು. 1997ರಲ್ಲಿ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾಯಿತು. ಈಚೆಗೆ ಹನೂರು ಕೊಳ್ಳೇಗಾಲದಿಂದ ಬೇರೆಯಾಗಿ ತಾನೇ ಒಂದು ತಾಲ್ಲೂಕಾಯಿತು. ಗಡಿಗಳು ಹೀಗೆ ಎಷ್ಟೋ ಸಲ ಬದಲಾದವು. 1950ರಲ್ಲಿ ಕೈಗೆ ಬಂದ ಮತ ಮಾತ್ರ ಕೈಯಲ್ಲಿಯೇ ಉಳಿಯಿತು.

ಅಮೆರಿಕೆಯ ಹಾದಿ ಬೇರೆ. ಅಲ್ಲಿಯ ಪೌರತ್ವ ಬಯಸುವವರು ಪೌರನೀತಿಯ ಪರೀಕ್ಷೆಯೊಂದರಲ್ಲಿ ತೇರ್ಗಡೆಯಾಗಬೇಕೆಂಬುದು ಆ ದೇಶದಲ್ಲಿ ಮಕ್ಕಳಿರುವ ಎಷ್ಟೋ ಕನ್ನಡ ಕುಟುಂಬಗಳಿಗೆ ತಿಳಿದ ಸಂಗತಿ. ಸಂವಿಧಾನವು 'ಜನರಾದ ನಾವು' ಎಂದು ಆರಂಭವಾಗುತ್ತದೆಂಬುದು ಆ ಪರೀಕ್ಷೆಯ ಮೊದಲ ಪಾಠಗಳಲ್ಲೊಂದು. 1787ರಲ್ಲಿ ಆ ಮಾತನ್ನು ಬರೆದಾಗ 'ನಾವು' ಎಂಬುದರೊಳಗೆ ಎಲ್ಲರೂ ಇರಲಿಲ್ಲ. 1791ರಲ್ಲಿ ಸೇರಿದ ಮೊದಲ ಹತ್ತು ತಿದ್ದುಪಡಿಗಳು ವಾಕ್ ಸ್ವಾತಂತ್ರ್ಯ, ಧರ್ಮ ಸ್ವಾತಂತ್ರ್ಯ, ನ್ಯಾಯವಿಚಾರಣೆಯ ಹಕ್ಕು ಮುಂತಾದುವನ್ನು ಕೊಟ್ಟವು. ಮತದ ಹಕ್ಕಿನ ಮಾತೆತ್ತಲಿಲ್ಲ. ವರ್ಣದ ಕಾರಣದಿಂದ ಮತವನ್ನು ನಿರಾಕರಿಸಕೂಡದೆಂದು 1870ರಲ್ಲಿ ಹದಿನೈದನೆಯ ತಿದ್ದುಪಡಿ ಸಾರಿತು. ಸ್ತ್ರೀಯರಿಗೆ ಆ ಭಾಗ್ಯ ಬಂದದ್ದು 1920ರಲ್ಲಿ. ಕಾಗದದಲ್ಲಿ ಬಂದರೂ ದಕ್ಷಿಣದ ರಾಜ್ಯಗಳಲ್ಲಿ ಅಕ್ಷರಪರೀಕ್ಷೆ, ತಲೆಗಂದಾಯ ಎಂದು ಮತಗಟ್ಟೆಯ ಬಾಗಿಲಿಗೆ ಅಗುಳಿ ಹಾಕಿದರು. ಅದು ಬಹುಮಟ್ಟಿಗೆ ಸರಿದದ್ದು 1965ರ ಮತದಾನ ಹಕ್ಕುಗಳ ಶಾಸನದಿಂದ. ಆ ನೆಲದ ಮೂಲನಿವಾಸಿಗಳಿಗೆಲ್ಲ 1924ರಲ್ಲಿ ಪೌರತ್ವ ದೊರೆತರೂ ಅರಿಜೋನಾ, ನ್ಯೂ ಮೆಕ್ಸಿಕೊ ರಾಜ್ಯಗಳಲ್ಲಿ ಅವರಿಗೆ ಮತದ ತಡೆ ತೆರವಾದದ್ದು 1948ರಲ್ಲಿ.

ಅವರು ನೂರಾರು ವರ್ಷ ಹತ್ತಿದ ಮೆಟ್ಟಿಲುಗಳನ್ನು ಭಾರತ ಒಂದೇ ನೆಗೆತಕ್ಕೆ ಹಾರಿತು. ಇದು ಹೆಮ್ಮೆಯ ವಿಷಯ. ಆದರೆ ಹೆಮ್ಮೆಯೊಳಗೆ ಒಂದು ಅಪಾಯವೂ ಅಡಗಿದೆ. ಬೆವರು ಸುರಿಸದೆ ಬಂದ ಆಸ್ತಿಯನ್ನು ಮಕ್ಕಳು ಹೇಗೆ ನೋಡಿಕೊಳ್ಳುತ್ತಾರೆಂಬುದು ಎಲ್ಲ ಸಂಸಾರಸ್ಥರಿಗೂ ತಿಳಿದದ್ದೇ.

ಬೆಟ್ಟದ ಮೇಲಿನ ಪ್ರಶ್ನೆ

ಇಲ್ಲಿಯವರೆಗೆ ಹೇಳಿದ್ದು ಪಟ್ಟಣದವರ ಸೋಮಾರಿತನಕ್ಕೆ ಉತ್ತರವಾಯಿತು. ಆದರೆ ಮತವನ್ನು ಸೋಮಾರಿತನದಿಂದಲ್ಲ, ನೊಂದ ಮನಸ್ಸಿನಿಂದ ಕೈಬಿಟ್ಟವರಿದ್ದಾರೆ. ಅವರಿಗೆ ಏನು ಹೇಳಬೇಕು?

ಹನೂರು ತಾಲ್ಲೂಕಿನ ಮಹದೇಶ್ವರ ಬೆಟ್ಟದ ಸೀಮೆಯಲ್ಲಿ ಇಂಡಿಗನತ್ತ ಎಂಬ ಕಾಡಂಚಿನ ಗ್ರಾಮವಿದೆ. ರಸ್ತೆಯಿಲ್ಲ, ನೀರಿಲ್ಲ, ಸೌಕರ್ಯವಿಲ್ಲ ಎಂಬುದು ಗ್ರಾಮಸ್ಥರ ಬಹುದಿನದ ಅಳಲು. 2024ರ ಏಪ್ರಿಲ್ 26ರಂದು ಲೋಕಸಭೆಗೆ ಮತದಾನ ನಡೆದಾಗ ಅವರು ಬಹಿಷ್ಕಾರ ಹೂಡಿದರು. ಮತ ಹಾಕಿಸಲು ಅಧಿಕಾರಿಗಳು ಪ್ರಯತ್ನಪಟ್ಟರು. ಮಾತಿಗೆ ಮಾತು ಬೆಳೆದು ಗಲಭೆಯಾಯಿತು. ಮತಗಟ್ಟೆ ಧ್ವಂಸವಾಯಿತು, ಮತಯಂತ್ರ ಪುಡಿಯಾಯಿತು. ಅದೇ ಮತಗಟ್ಟೆಗೆ ಸೇರಿದ ಮೆಂದಾರೆಯ ಸೋಲಿಗರು ಮತ ಹಾಕಬೇಕೆಂದಿದ್ದವರು. ಅವರಿಗೂ ಇವರಿಗೂ ವೈಮನಸ್ಯ ಬೆಳೆಯಿತು. ಹಲವರ ಮೇಲೆ ಮೊಕದ್ದಮೆಗಳಾದವು. ಏಪ್ರಿಲ್ 29ರಂದು ಮರುಮತದಾನ ನಡೆದಾಗ 528 ಮತದಾರರಲ್ಲಿ ಮತ ಹಾಕಿದವರು 71 ಮಂದಿ.

ಯಂತ್ರವನ್ನು ಒಡೆದದ್ದು ತಪ್ಪೆನ್ನುವುದರಲ್ಲಿ ಎರಡು ಮಾತಿಲ್ಲ. ತಾನು ಮತ ಹಾಕದಿರುವುದು ಒಬ್ಬನ ಇಷ್ಟವಾಗಬಹುದು. ನೆರೆಯವನ ಮತಕ್ಕೆ ಅಡ್ಡಬರುವುದು ಯಾರ ಇಷ್ಟವೂ ಆಗಲಾರದು. ಆದರೆ ಅಷ್ಟು ಹೇಳಿ ಕೈತೊಳೆದುಕೊಳ್ಳುವುದೂ ನ್ಯಾಯವಲ್ಲ. ಮತಯಂತ್ರ ಚುನಾವಣೆಯ ದಿನ ತಪ್ಪದೆ ಬೆಟ್ಟ ಹತ್ತುತ್ತದೆ. ಕಾಡಿರಲಿ, ಕಣಿವೆಯಿರಲಿ, ಅದನ್ನು ಹೊತ್ತುಕೊಂಡು ಹೋಗುವ ನೌಕರರಿದ್ದಾರೆ. ಅವರ ಶ್ರಮ ವಂದನೀಯವಾದದ್ದು. ಹಾಗೆ ಮತ ಕೇಳಲು ಹತ್ತಿದ ಸರಕಾರ ಮತ ಕೊಟ್ಟವರಿಗಾಗಿಯೂ ಹತ್ತಬೇಕಲ್ಲವೆ ಎಂಬುದು ಬೆಟ್ಟದ ಜನರ ಪ್ರಶ್ನೆ. ಇದು ಬರಿಯ ಕೋಪದ ಪ್ರಶ್ನೆಯಲ್ಲ, ಪೌರನೀತಿಯ ಮೂಲಪ್ರಶ್ನೆ. ಪ್ರಾತಿನಿಧ್ಯವಿಲ್ಲದೆ ಕಂದಾಯವಿಲ್ಲವೆಂದು ಹಠ ಹಿಡಿದೇ ಅಮೆರಿಕೆಯ ವಸಾಹತುಗಾರರು ಇಂಗ್ಲೆಂಡಿನ ದೊರೆಯಿಂದ ಬಿಡಿಸಿಕೊಂಡರು.

ಆದರೂ ಮತವನ್ನು ಕೈಬಿಡುವುದರಿಂದ ಆದ ಪ್ರಯೋಜನವನ್ನು ತಣ್ಣಗೆ ಕುಳಿತು ಲೆಕ್ಕ ಹಾಕಬೇಕು. ಬಾರದಿರುವ ಮತದಾರ ಯಾವ ಅಭ್ಯರ್ಥಿಯ ಲೆಕ್ಕದಲ್ಲಿಯೂ ಬರುವುದಿಲ್ಲ. ಅಭ್ಯರ್ಥಿಗೆ ನಿದ್ದೆಗೆಡಿಸುವವರು ಮನೆಯಲ್ಲಿ ಕುಳಿತವರಲ್ಲ. ಬಂದು ಯಾರಿಗೆ ಹಾಕುವರೋ ತಿಳಿಯದವರು. 2019ರ ಲೋಕಸಭಾ ಚುನಾವಣೆಯಲ್ಲಿ ಚಾಮರಾಜನಗರ ಕ್ಷೇತ್ರದ ಸೋಲುಗೆಲುವಿನ ಅಂತರ 1,817 ಮತಗಳು. ಅಂದು ವಿ. ಶ್ರೀನಿವಾಸಪ್ರಸಾದ್ ಅವರ ಎದುರು ಸೋತವರು, ಹದಿನೈದು ವರ್ಷ ಹಿಂದೆ ಒಂದು ಮತದಿಂದ ಗೆದ್ದಿದ್ದ ಅದೇ ಧ್ರುವನಾರಾಯಣ ಅವರು. 528 ಮತಗಳಿರುವ ಮೂರು ನಾಲ್ಕು ಹಳ್ಳಿಗಳು ಒಂದು ಮನಸ್ಸಿನಿಂದ ಒಂದೇ ಕಡೆ ನಿಂತಿದ್ದರೆ ಅಷ್ಟು ದೊಡ್ಡ ಕ್ಷೇತ್ರದ ಫಲಿತಾಂಶವೂ ಅವರ ಅಂಗೈಯಲ್ಲಿರುತ್ತಿತ್ತು. ನಿಂತವರಲ್ಲಿ ಒಬ್ಬರೂ ಹಿಡಿಸದಿದ್ದರೆ ಅದನ್ನೂ ದಾಖಲಿಸುವ ಗುಂಡಿ ಯಂತ್ರದಲ್ಲಿದೆ. ಸರ್ವೋಚ್ಚ ನ್ಯಾಯಾಲಯದ 2013ರ ತೀರ್ಪಿನಿಂದ ಬಂದ ಆ 'ನೋಟಾ' ಗುಂಡಿ ಯಾರನ್ನೂ ಸೋಲಿಸಲಾರದು, ನಿಜ. ಆದರೆ ಬಂದು ಅಸಮ್ಮತಿ ತಿಳಿಸಿದವನು ಎಣಿಕೆಯಲ್ಲಿರುತ್ತಾನೆ. ಬಾರದವನು ಎಣಿಕೆಯ ಆಚೆಗಿರುತ್ತಾನೆ.

ಮತ ಹಾಕಿದಲ್ಲಿಗೆ ಪೌರನ ಕೆಲಸ ಮುಗಿಯಿತೆಂದಲ್ಲ. ಇದಕ್ಕೆ ನಿದರ್ಶನವನ್ನು ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರೇ ಒದಗಿಸಿದ್ದಾರೆ. ಕಾಡು ಅಭಯಾರಣ್ಯವಾದ ಮೇಲೆ ಅವರಲ್ಲಿ ಅನೇಕರು ಹಳೆಯ ನೆಲೆಗಳನ್ನು ಬಿಡಬೇಕಾಯಿತು. ಮುಂದೆ ಜೇನು, ನೆಲ್ಲಿಕಾಯಿ, ಪಾಚಿಗಳನ್ನು ಮಾರಾಟಕ್ಕಾಗಿ ಕೂಡಿಸುವುದಕ್ಕೂ ತಡೆ ಬಂತು. 2006ರ ಅರಣ್ಯ ಹಕ್ಕುಗಳ ಕಾಯಿದೆ ಬಂದಾಗ ಅವರು ಸುಮ್ಮನೆ ಕುಳಿತುಕೊಳ್ಳಲಿಲ್ಲ. ಪೋಡುಪೋಡಿನಲ್ಲಿಯೂ ಗ್ರಾಮಸಭೆ ಸೇರಿ, ತಮ್ಮ ದೇವರ ಬನಗಳನ್ನೂ ದಾರಿಗಳನ್ನೂ ಗುರುತಿಸಿ, ಕ್ರಮಬದ್ಧವಾಗಿ ಹಕ್ಕು ಕೇಳಿದರು. 2011ರಲ್ಲಿ ಹಲವು ಪೋಡುಗಳ ಗ್ರಾಮಸಭೆಗಳಿಗೆ ಸಾಮೂಹಿಕ ಅರಣ್ಯ ಹಕ್ಕುಗಳು ದೊರೆತವು. ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಕಾಡಿನೊಳಗೆ ಇಂಥ ಹಕ್ಕು ಮಾನ್ಯವಾದದ್ದು ದೇಶದಲ್ಲಿಯೇ ಅದು ಮೊದಲು. ಆ ಕಾಯಿದೆಯ ನಿಯಮಗಳಂತೆ ಸಭೆಗೆ ಸದಸ್ಯರಲ್ಲಿ ಅರ್ಧದಷ್ಟಾದರೂ ಬಂದಿರಬೇಕು. ಬಂದವರಲ್ಲಿ ಮೂರರಲ್ಲೊಂದು ಪಾಲಾದರೂ ಸ್ತ್ರೀಯರಿರಬೇಕು. ಅಲ್ಲಿಯೂ ಎಣಿಕೆ ತಲೆಯದೇ. ಒಬ್ಬರು ಬಾರದಿದ್ದರೆ ಸಭೆಯೇ ಆಗದಿರಬಹುದು.

ಮನೆಯಲ್ಲಿ ಮಾಡಬೇಕಾದ ಕೆಲಸ

ಇನ್ನು ಗೃಹಸ್ಥರಿಗೆ ಒದಗುವ ನಾಲ್ಕು ಮಾತು. ಚುನಾವಣೆ ಘೋಷಣೆಯಾದ ಮೇಲೆ ಪಟ್ಟಿಯಲ್ಲಿ ಹೆಸರಿಲ್ಲವೆಂದು ಗೋಳಾಡುವುದಕ್ಕಿಂತ ಮೊದಲೇ ನೋಡಿಕೊಳ್ಳುವುದು ಜಾಣತನ. ಗುರುತಿನ ಚೀಟಿ ಕೈಯಲ್ಲಿದ್ದ ಮಾತ್ರಕ್ಕೆ ಮತವಿದೆಯೆಂದಲ್ಲ, ಹೆಸರು ಪಟ್ಟಿಯಲ್ಲಿರಬೇಕು. ಹೊಸದಾಗಿ ಸೇರಿಸಲು ನಮೂನೆ 6, ಮನೆ ಬದಲಾಯಿಸಿದಾಗ ಅಥವಾ ಹೆಸರು ತಪ್ಪಾಗಿದ್ದಾಗ ನಮೂನೆ 8. ಮತದ ವಯಸ್ಸು ಮೊದಲು ಇಪ್ಪತ್ತೊಂದಾಗಿತ್ತು. ಸಂವಿಧಾನದ ಅರವತ್ತೊಂದನೆಯ ತಿದ್ದುಪಡಿಯಿಂದ 1989ರಲ್ಲಿ ಹದಿನೆಂಟಕ್ಕೆ ಇಳಿಯಿತು. ಹಿಂದೆ ಜನವರಿ 1ಕ್ಕೆ ಹದಿನೆಂಟು ತುಂಬಿರಬೇಕಿತ್ತು; 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಈ ನಾಲ್ಕು ತಿಂಗಳುಗಳ ಮೊದಲನೆಯ ದಿನವೂ ಲೆಕ್ಕಕ್ಕೆ ಬರುತ್ತದೆ. ಕಾಲೇಜಿಗೆ ಹೋಗುವ ಮಕ್ಕಳಿರುವ ತಂದೆತಾಯಿಗಳು ಇದನ್ನು ಗುರುತಿಟ್ಟುಕೊಳ್ಳಬೇಕು.

ಮತಗಟ್ಟೆಗೆ ಹೋದಾಗ ತಮ್ಮ ಹೆಸರಿನಲ್ಲಿ ಬೇರೆ ಯಾರೋ ಆಗಲೇ ಮತ ಹಾಕಿಹೋಗಿದ್ದಾರೆಂದು ತಿಳಿದರೆ ತಲೆ ಚಚ್ಚಿಕೊಂಡು ಹಿಂದಿರುಗಬೇಕಾಗಿಲ್ಲ. ತಾನೇ ನಿಜವಾದ ಮತದಾರನೆಂದು ಅಧಿಕಾರಿಗೆ ತೋರಿಸಿಕೊಟ್ಟರೆ ಪ್ರತ್ಯೇಕ ಮತಪತ್ರವೊಂದನ್ನು ಕೊಡುತ್ತಾರೆ. ಅದನ್ನು ಲಕೋಟೆಯಲ್ಲಿ ಬೇರೆಯಾಗಿ ಇಡುತ್ತಾರೆ. ಸಾಮಾನ್ಯ ಎಣಿಕೆಗೆ ಅದು ಬರುವುದಿಲ್ಲ. ಆದರೆ ಅಂತರ ಕೂದಲೆಳೆಯಷ್ಟಾಗಿ, ತಕರಾರು ಉಚ್ಚ ನ್ಯಾಯಾಲಯಕ್ಕೆ ಹೋದಾಗ ಆ ಲಕೋಟೆಗೂ ಬೆಲೆ ಬಂದೀತು.

ಮಗನೋ ಮಗಳೋ ವಿದೇಶದಲ್ಲಿದ್ದು, ಭಾರತದ ಪೌರತ್ವವನ್ನು ಇನ್ನೂ ಉಳಿಸಿಕೊಂಡಿದ್ದರೆ ಊರಿನ ಪಟ್ಟಿಯಲ್ಲಿ ಹೆಸರು ಬರೆಸಲು 2010ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಮತ ಹಾಕಲು ಮಾತ್ರ ತಾವೇ ಬರಬೇಕು. ಅಲ್ಲಿಯ ಪೌರತ್ವ ಸ್ವೀಕರಿಸಿದವರಿಗೆ ಇಲ್ಲಿ ಮತವಿಲ್ಲ. ಒಬ್ಬನಿಗೆ ಎರಡು ದೇಶಗಳ ಮೇಲೆ ಪ್ರೀತಿ ಇರಬಹುದು; ಭಾರತದ ಸಂವಿಧಾನದ ಲೆಕ್ಕದಲ್ಲಿ ಎರಡು ಪೌರತ್ವ ಇರುವಂತಿಲ್ಲ.

ಆ ಒಂದು ಮತ ಯಾರದು?

ಸಂತೇಮರಹಳ್ಳಿ ಎಂಬ ಕ್ಷೇತ್ರ ಇಂದಿಲ್ಲ. 2008ರಲ್ಲಿ ಕ್ಷೇತ್ರಗಳ ಪುನರ್‌ವಿಂಗಡಣೆಯಾಗಿ ಯಳಂದೂರು ಕೊಳ್ಳೇಗಾಲ ಕ್ಷೇತ್ರಕ್ಕೆ ಸೇರಿತು. ಗೆದ್ದಿದ್ದ ಧ್ರುವನಾರಾಯಣ ಅವರು ಮುಂದೆ ಎರಡು ಬಾರಿ ಲೋಕಸಭೆಗೆ ಆಯ್ಕೆಯಾಗಿ, 2023ರ ಮಾರ್ಚಿನಲ್ಲಿ ತೀರಿಕೊಂಡರು. ಅದೇ ವರ್ಷದ ಮೇ ತಿಂಗಳಲ್ಲಿ ಕೃಷ್ಣಮೂರ್ತಿಯವರು ಕೊಳ್ಳೇಗಾಲದಿಂದ ಐವತ್ತೊಂಬತ್ತು ಸಾವಿರಕ್ಕೂ ಮಿಕ್ಕ ಅಂತರದಿಂದ ಗೆದ್ದರು. ಒಂದು ಮತದಿಂದ ಸೋತವರಿಗೆ ಕಾಲ ಹತ್ತೊಂಬತ್ತು ವರ್ಷಗಳ ಬಡ್ಡಿ ಸೇರಿಸಿ ಕೊಟ್ಟಿತೆಂದು ಸೀಮೆಯ ಜನ ಆಡಿಕೊಂಡಿದ್ದರೆ ಆಶ್ಚರ್ಯವಿಲ್ಲ.

2004ರ ಆ ಒಂದು ಮತ ಯಾರದೆಂದು ಇಂದಿಗೂ ಹೇಳಲು ಬರುವುದಿಲ್ಲ. ಬೆಳಗ್ಗೆ ಮೊದಲು ಬಂದು ನಿಂತ ಅಜ್ಜಿಯದೆ? ಗದ್ದೆಯ ಕೆಲಸದ ನಡುವೆ ಕೆಸರುಗಾಲಿನಲ್ಲಿ ಬಂದ ಆಳಿನದೆ? ಹೋಗಲೋ ಬೇಡವೋ ಎಂದು ಹೊಯ್ದಾಡಿ, ಸಂಜೆ ಬಾಗಿಲು ಮುಚ್ಚುವ ಹೊತ್ತಿಗೆ ಬಂದ ಮೇಷ್ಟರದೆ? ಗೆದ್ದವರ ಕಡೆಗೆ ಮತ ಹಾಕಿದ 40,752 ಮಂದಿಯಲ್ಲಿ ಪ್ರತಿಯೊಬ್ಬರೂ ಅದು ತನ್ನದೆಂದು ಹೇಳಬಹುದು. ಹೇಳಿದರೆ ಅದು ಸುಳ್ಳಾಗುವುದಿಲ್ಲ. ಏಕೆಂದರೆ ಅವರಲ್ಲಿ ಯಾರೊಬ್ಬರನ್ನು ತೆಗೆದರೂ ಆ ಗೆಲುವು ಇರುತ್ತಿರಲಿಲ್ಲ. ಅಂತೆಯೇ ಅಂದು ಮನೆಯಲ್ಲಿ ಉಳಿದ ಪ್ರತಿಯೊಬ್ಬರೂ ಆ ಸೋಲು ತನ್ನಿಂದಲೇ ಆಯಿತೆನ್ನಬಹುದು, ಅದೂ ಸುಳ್ಳಾಗುವುದಿಲ್ಲ.

ಲಕ್ಷದಲ್ಲಿ ಒಂದನ್ನು ಕಳೆದರೆ ಲಕ್ಷವೇ ಉಳಿಯುತ್ತದೆಂಬ ಲೆಕ್ಕ ರಾಗಿಯ ಕಣಜಕ್ಕೆ ಸರಿ. ಮತಪೆಟ್ಟಿಗೆಗೆ ಬೇರೆಯ ಲೆಕ್ಕವಿದೆ. ಅಲ್ಲಿ ಯಾವುದು ಕಡೆಯ ಕಾಳು ಎಂಬುದು ಹಾಕುವಾಗ ಯಾರಿಗೂ ತಿಳಿಯುವುದಿಲ್ಲ. ಎಣಿಸಿದಾಗ ಮಾತ್ರ ತಿಳಿಯುತ್ತದೆ; ಆಗ ಹಾಕುವ ಹೊತ್ತು ಮೀರಿರುತ್ತದೆ.